ಹತ್ತು ಮೀನು

ಮೊನ್ನೆ ಚಾಮರಾಜಪೇಟೆಯ ಪಶ್ಚಿಮದ ತುದಿಯಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ಒಳಚರಂಡಿಯ ಪೈಪು ಹಾಕಲು ರಸ್ತೆಯನ್ನು ಆಳುದ್ದ ಅಗೆದು, ತೆಗೆದ ಮಣ್ಣನ್ನು ಆ ಮನೆಯ ಗೇಟಿನ ಮುಂದೆಯೇ ಸುರಿದಿದ್ದರು. ಕಪ್ಪು ಮಣ್ಣು, ಹೆಂಟೆ ಹೆಂಟೆಯಾಗಿ, ಇನ್ನೂ ಹಸಿ. ಚಪ್ಪಲಿ ಬಿಡಲು ಬಗ್ಗಿದವನ ಮೂಗಿಗೆ ವಾಸನೆ ಬಡಿಯಿತು. ಪಕ್ಕದಲ್ಲಿದ್ದವರು "ಥೂ, ಮೋರಿ ವಾಸನೆ" ಎಂದರು. ಮೋರಿಯದಲ್ಲ. ಅದು ಕೆರೆಗೋಡಿನ ವಾಸನೆ. ಹಳೇ ನೀರು, ಪಾಚಿ, ಮೀನಿನ ಲೋಳೆ ಎಲ್ಲ ಸೇರಿ ವರ್ಷಗಟ್ಟಲೆ ತಳದಲ್ಲಿ ಕುಳಿತ ಕೆಸರು. ಆ ಬೀದಿ ನಿಂತಿರುವುದೇ ಒಂದು ಕೆರೆಯ ಅಂಗಳದಲ್ಲಿ ಎಂದು ಆ ಮನೆಯವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲು ಹೋಗಲಿಲ್ಲ. ಈ ವಯಸ್ಸಿಗೆ ಯಾರಿಗಾದರೂ ಏನನ್ನಾದರೂ ತಿಳಿಸಿ ಹೇಳುವುದೆಂದರೆ ಆಯಾಸ. ಪಾಯಸ ಕುಡಿದು ಮನೆಗೆ ಬಂದೆ. ರಾತ್ರಿ ಊಟ ಸೇರಲಿಲ್ಲ.

ಐವತ್ತರ ದಶಕದ ಮೊದಲ ಭಾಗದ ಮಾತು. ಬಿ.ಎಸ್ಸಿ. ಪಾಸು ಮಾಡಿ ಸರ್ಕಾರದ ಮೀನಿನ ಕಚೇರಿಯೊಂದರಲ್ಲಿ ಸಹಾಯಕನಾಗಿ ಸೇರಿದ್ದೆ. ಬಸವನಗುಡಿಯಲ್ಲಿ ಬಾಡಿಗೆ ಮನೆ, ನಾನು ಮತ್ತು ಅಮ್ಮ ಇಬ್ಬರೇ. ಈರುಳ್ಳಿ ಹೆಚ್ಚಿದರೆ ಕೈಯನ್ನು ಮೂರು ಸಲ ತೊಳೆಯುವ ಮನೆ ನಮ್ಮದು. "ಮಗ ಎಲ್ಲಿ ಕೆಲಸಕ್ಕಿದಾನೆ?" ಎಂದು ಯಾರಾದರೂ ಕೇಳಿದರೆ ಅಮ್ಮ "ನೀರಿನ ಆಫೀಸು" ಎನ್ನುತ್ತಿದ್ದಳು. ಸಂಜೆ ಬಂದವನನ್ನು ಹಿತ್ತಿಲ ಬಾಗಿಲಿಂದ ಬಚ್ಚಲಿಗೆ ಕಳಿಸಿ, ಮಿಂದ ಮೇಲೆಯೇ ಕಾಫಿ ಕೊಡುತ್ತಿದ್ದಳು. ನೀರಿನ ಆಫೀಸು ಎನ್ನುವುದು ಪೂರ್ತಿ ಸುಳ್ಳೂ ಅಲ್ಲ. ನಾನು ಮೀನನ್ನು ಮುಟ್ಟಿದ್ದು ಕಡಿಮೆ. ಮಳೆ ಎಷ್ಟು ಬಿತ್ತು, ಯಾವ ಕೆರೆ ಎಷ್ಟು ತುಂಬಿತು, ಯಾವ ದಿನ ಕೋಡಿ ಬಿತ್ತು, ಹರಿದ ನೀರು ಮುಂದಿನ ಕೆರೆಗೆ ಯಾವಾಗ ಮುಟ್ಟಿತು ಎಂದು ಸೈಕಲ್ ತುಳಿದು ನೋಡಿಬರುವುದು ನನ್ನ ಕೆಲಸವಾಗಿತ್ತು.

ಆ ಕೆಲಸ ಹಚ್ಚಿದವರು ನಮ್ಮ ಅಧಿಕಾರಿ ಶೇಷಗಿರಿರಾಯರು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಕಡ್ಡಿಯಂಥ ಮೈ, ಸದಾ ಕೆಮ್ಮು. ಇಡೀ ಸರ್ವಿಸಿನಲ್ಲಿ ಅವರು ಒಂದೇ ಮಾತನ್ನು ಎಲ್ಲರಿಗೂ ಹೇಳಿ ಹೇಳಿ ಸುಸ್ತಾಗಿದ್ದರು. ಮೀನು ಬೇಕಾದರೆ ಬರೀ ಕೆರೆ ನೋಡಬೇಡಿ, ನೀರು ಬರುವ ದಾರಿ ಹೋಗುವ ದಾರಿ ಎರಡನ್ನೂ ನೋಡಿ ಎನ್ನುವುದೇ ಆ ಮಾತು. ನಾನು ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ನನ್ನನ್ನು ದೊಡ್ಡ ಬಸವಣ್ಣನ ಗುಡಿಯ ಪಕ್ಕದ ಕಹಳೆ ಬಂಡೆಯ ಮೇಲೆ ಹತ್ತಿಸಿ, "ಇಲ್ಲಿ ಬಿದ್ದ ಮಳೆ ಹನಿ ಎಲ್ಲಿಗೆ ಹೋಗತ್ತೆ ಹೇಳು ಸೀನಪ್ಪಾ" ಎಂದು ಕೇಳಿದರು.

"ಮೋರಿಗೆ ಸಾರ್."

"ನಿನ್ನ ತಲೆ. ಈ ಪಕ್ಕ ಬಿದ್ದದ್ದು ಲಾಲ್‌ಬಾಗಿನ ಕೆರೆ ಹಾದು ಪಿನಾಕಿನಿಗೆ ಹೋಗತ್ತೆ. ಆ ಪಕ್ಕ ಬಿದ್ದದ್ದು ವೃಷಭಾವತಿ. ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಬಸವಣ್ಣನ ಪಾದದ ಹತ್ರ ಹುಟ್ಟೋ ನೀರು ಕಣಯ್ಯಾ. ಮಳೆಗಾಲದಲ್ಲಿ ಹೊಳೆ ಮೀನು ಎದುರು ನೀರು ಹತ್ಕೊಂಡು ಮೇಲಿನ ಕೆರೆಗಳಿಗೆ ಬರತ್ತೆ, ಮೊಟ್ಟೆ ಇಡೋದಕ್ಕೆ. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬರಲ್ವೇ, ಹಾಗೆ. ಮರಿ ನೀರಿನ ಜೊತೆ ಕೆಳಗೆ ಇಳಿಯತ್ತೆ. ಕೆಳಗಿನೋರು ತಿನ್ನೋ ಮೀನು ಮೇಲೆ ಹುಟ್ಟಿದ್ದು."

ನಮ್ಮ ಕಚೇರಿಯಲ್ಲಿ ಭಾಷಾಂತರ ನೋಡಿಕೊಳ್ಳುತ್ತಿದ್ದವರು ನಂಜುಂಡಯ್ಯನವರು. ಹಣೆ ತುಂಬ ವಿಭೂತಿ, ಕರಿ ಕೋಟು, ಮಡಿಸಿದ ಕೊಡೆ. ನಗರ್ತಪೇಟೆಯಲ್ಲಿ ತಲೆತಲಾಂತರದಿಂದ ಜವಳಿ ವ್ಯಾಪಾರ ಮಾಡಿದ ಮನೆತನ. ಅಂಗಡಿ ಅಣ್ಣನ ಪಾಲಿಗೆ ಹೋಯಿತು, ಇಂಗ್ಲಿಷು ತನ್ನ ಪಾಲಿಗೆ ಬಂತು ಎಂದು ಅವರೇ ನಗುತ್ತಿದ್ದರು. ಅವರ ಇಂಗ್ಲಿಷು ನಿಜವಾಗಿ ದೊಡ್ಡದು. ಆದರೆ ಮೀನಿನ ವಿಷಯದಲ್ಲಿ ಅವರಿಗೆ ತಲೆ ಯಾವುದು ಬಾಲ ಯಾವುದು ತಿಳಿಯದು. ರಾಯರು ಬರೆದ 'ರಿವರ್ ಬೇಸಿನ್' ಎಂಬ ಮಾತನ್ನು ಅವರು ಒಮ್ಮೆ ಕನ್ನಡದಲ್ಲಿ 'ನದಿಯ ಬೋಗುಣಿ' ಎಂದು ಮಾಡಿದ್ದರು. ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ರಾಯರು ಮಾತ್ರ, "ಇರಲಿ ಬಿಡ್ರಯ್ಯಾ. ಬೋಗುಣಿಯ ಅಂಚಿಗೆ ಹಾಕಿದ್ದು ತಳಕ್ಕೆ ಬರಲೇಬೇಕು. ತಪ್ಪೇನಿದೆ?" ಎಂದು ಹಾಗೆಯೇ ಬಿಟ್ಟರು.

ಆ ಬೋಗುಣಿಯ ಅಂಚಿನಲ್ಲಿದ್ದ ಒಂದು ಸಣ್ಣ ಕೆರೆಯೇ ನಾನು ಮೊನ್ನೆ ವಾಸನೆ ಹಿಡಿದದ್ದು. ಏರಿಯ ಮೇಲೆ ಕೆಲವು ಬೆಸ್ತರ ಮನೆಗಳಿದ್ದವು. ಕೆರೆಯ ಕೋಡಿ ಹಳೇ ಕಾಲದ್ದು, ಕಲ್ಲು ಚಪ್ಪಡಿಗಳನ್ನು ಓರೆಯಾಗಿ ಹಾಸಿದ್ದು. ಕೆರೆ ತುಂಬಿದಾಗ ನೀರು ಅದರ ಮೇಲೆ ಜಾರಿಕೊಂಡು ಹಳ್ಳಕ್ಕೆ ಇಳಿಯುತ್ತಿತ್ತು. ಹಳ್ಳ ಹೋಗಿ ವೃಷಭಾವತಿ ಸೇರುತ್ತಿತ್ತು. ಕೋಡಿಯ ಪಕ್ಕದ ಮೊದಲ ಮನೆ ಮುನಿತಾಯಮ್ಮನದು. ಗಂಡ ತೀರಿಹೋಗಿದ್ದ. ಮಗ, ಸೊಸೆ, ಬಲೆ ಇಷ್ಟೇ ಸಂಸಾರ. ಬಾಯಿ ಜೋರು. ನೀರಿನ ಮಟ್ಟ ನೋಡಲು ಹೋದಾಗಲೆಲ್ಲ ನನ್ನನ್ನು ಛೇಡಿಸುತ್ತಿದ್ದಳು.

"ಏನ್ ಸ್ವಾಮಿ, ನೀರು ಅಳ್ದು ಅಳ್ದು ಏನ್ ಮಾಡ್ತೀರಾ? ಸೇರಲ್ಲಿ ಮಾರ್ತೀರಾ?"

ಒಂದು ವರ್ಷ ಹುಬ್ಬೆ ಮಳೆಗೆ ಕೋಡಿ ಬಿದ್ದಾಗ ನಾನು ಅಲ್ಲಿದ್ದೆ. "ಹತ್ತು ಮೀನು ಬಂತು, ಹತ್ತು ಮೀನು!" ಎಂದು ಮುನಿತಾಯಮ್ಮ ಕೂಗಿದಳು. ನಾನು ಪೆದ್ದನ ಹಾಗೆ ಎಲ್ಲಿ, ಯಾವ ಹತ್ತು ಎಂದು ಹುಡುಕಿದೆ. ಆಮೇಲೆ ಕಂಡಿತು. ಜಾರುವ ನೀರಿಗೆ ಎದುರಾಗಿ, ಚಪ್ಪಡಿಯ ಮೇಲೆ ಹೊಟ್ಟೆ ಉಜ್ಜಿಕೊಂಡು, ಗೆಂಡೆ, ಪಕ್ಕೆ, ಹೆಸರು ಗೊತ್ತಿಲ್ಲದವು, ಒಂದರ ಮೇಲೊಂದು ಬಿದ್ದು ಹತ್ತುತ್ತಿದ್ದವು. ಹತ್ತುವ ಮೀನಿಗೆ ಅವರು ಹತ್ತು ಮೀನು ಎನ್ನುತ್ತಾರೆ. ಅಂಚಿನಲ್ಲಿ ಒಂದಷ್ಟನ್ನು ಹಿಡಿದು ಉಳಿದದ್ದನ್ನು ಹತ್ತಲು ಬಿಡುತ್ತಿದ್ದರು. ಹತ್ತಿದ್ದು ಕೆರೆಯಲ್ಲಿ ಮೊಟ್ಟೆ ಇಟ್ಟು ಮರಿ ಮಾಡಿ, ಆ ಮರಿಯಲ್ಲಿ ಕೆಲವು ಹೊಳೆಗೆ ಇಳಿದು, ಕೆಲವು ಕೆರೆಯಲ್ಲೇ ಬೆಳೆದು, ಬೇಸಿಗೆಯಲ್ಲಿ ನೀರು ಹಿಂಗಿದಾಗ ಇವರ ಬಲೆಗೆ ಬರುತ್ತಿದ್ದವು. ಏರಿಯ ಮೇಲಿನ ಒಲೆಗಳೆಲ್ಲ ಉರಿಯುತ್ತಿದ್ದುದು ಅದರ ಮೇಲೆ.

ಮುಂದಿನ ಯುಗಾದಿ ಕಳೆದ ಮೇಲೆ ಸುದ್ದಿ ಬಂತು. ಕೆಳಗಿನ ತೋಟಗಳಿಗೆ ಇನ್ನಷ್ಟು ನೀರು ಬೇಕು, ಆದ್ದರಿಂದ ಕೋಡಿಯನ್ನು ಎತ್ತರಿಸುತ್ತಾರೆ, ಓರೆ ಚಪ್ಪಡಿ ಕಿತ್ತು ನೆಟ್ಟಗೆ ಸಿಮೆಂಟಿನ ಗೋಡೆ ಕಟ್ಟುತ್ತಾರೆ. ರಾಯರು ಗೋಡೆ ಬೇಡ ಎನ್ನಲಿಲ್ಲ. ಒಂದು ಪಕ್ಕದಲ್ಲಿ ಗಾಡಿಯಗಲದ ಇಳಿಜಾರು ಬಿಡಿ, ಮೀನಿಗೆ ದಾರಿ ಆಗುತ್ತದೆ ಎಂದಷ್ಟೇ ಕೇಳಿದರು. ಅದನ್ನು ನೋಡಿ ತೀರ್ಮಾನಿಸಲು ದೊಡ್ಡ ಸಾಹೇಬರೊಬ್ಬರು ಕೆರೆಗೆ ಬರುವುದೆಂದಾಯಿತು. ಹೊರಗಿನವರು, ಕನ್ನಡ ಬರದು. ಅವರು ಗೊತ್ತುಮಾಡಿದ ದಿನವೇ ರಾಯರ ತಂದೆಯ ತಿಥಿ. ತಿಥಿಯ ದಿನ ಮೀನಿನ ಕೆರೆಗೆ ಹೋಗುವುದುಂಟೇ? ದಿನ ಬದಲಾಯಿಸಿ ಎಂದು ರಾಯರು ಕೇಳಿದರು, ಆಗಲಿಲ್ಲ. ಮಾತಿಗೆ ನಂಜುಂಡಯ್ಯನವರು, ಅಳತೆಗೆ ನಾನು ಎಂದು ಕಳಿಸಿದರು.

ಸಾಹೇಬರು ಜೀಪಿನಲ್ಲಿ ಬಂದರು. ನನ್ನನ್ನು ಏರಿಯ ಆಚೆ ತುದಿಗೆ, ತೂಬಿನ ಹತ್ತಿರ, ಅಳತೆ ಕೋಲು ಹಿಡಿದು ನಿಲ್ಲಿಸಿದರು. ಕೋಡಿಯ ಹತ್ತಿರ ಸಾಹೇಬರು, ನಂಜುಂಡಯ್ಯ, ಮುನಿತಾಯಮ್ಮ ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮುನಿತಾಯಮ್ಮ ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಸಾಹೇಬರು ಗಟ್ಟಿಯಾಗಿ ನಕ್ಕದ್ದು ಮಾತ್ರ ನನ್ನವರೆಗೆ ಬಂತು. ಒಳ್ಳೆಯ ಲಕ್ಷಣ ಎಂದುಕೊಂಡೆ.

ಜೀಪು ಹೊರಟ ಮೇಲೆ ನಾವಿಬ್ಬರೂ ಜಟಕಾ ಹತ್ತಿದೆವು. ಏನಾಯಿತು ಎಂದು ಕೇಳಿದೆ.

"ಏನಾಗೋದಪ್ಪಾ," ಎಂದು ನಂಜುಂಡಯ್ಯನವರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ಈ ಕೋಡೀಲಿ ಮೀನು ಬರತ್ತಾ ಅಂತ ಕೇಳಿದ್ರು. ಆಯಮ್ಮ, ವರ್ಷಾ ವರ್ಷಾ ಹತ್ತು ಮೀನು ಬತ್ತದೆ ಅಂದ್ಲು. ನಾನು ಹಾಗೇ ಹೇಳ್ದೆ. ಟೆನ್ ಫಿಶ್, ಸರ್, ಎವೆರಿ ಇಯರ್. ಸಾಹೇಬ್ರು ನಕ್ಬಿಟ್ರು. ಹತ್ತು ಮೀನಿಗೋಸ್ಕರ ನಾನು ಇಳಿಜಾರು ಕಟ್ಟಿಸ್ಬೇಕಾ ಅಂತ. ನಂಗೂ ಸರಿ ಅನ್ನಿಸ್ತು. ನಮ್ಮ ರಾಯರು ಹತ್ತೇ ಹತ್ತು ಮೀನಿಗೆ ಯಾಕಿಷ್ಟು ಹಟ ಮಾಡ್ತಾರೋ!"

ನನಗೆ ಕುದುರೆಯ ಗೊರಸಿನ ಸದ್ದೂ ಕೇಳದಾಯಿತು. "ಹತ್ತು ಅಂದ್ರೆ ಲೆಕ್ಕ ಅಲ್ಲ ಸಾರ್. ಹತ್ತೋದು! ಮೇಲಕ್ಕೆ ಹತ್ತೋ ಮೀನು!"

ಅವರು ನನ್ನ ಮುಖ ನೋಡಿದರು. "ಅಯ್ಯೋ ಶಿವನೇ," ಎಂದರು, ಬಹಳ ಸಣ್ಣ ದನಿಯಲ್ಲಿ. ಜಟಕಾದವನಿಗೆ ತಿರುಗಿಸು ಎಂದರು. ತಿರುಗಿಸಿ ಎಲ್ಲಿಗೆ ಹೋಗುವುದು? ಜೀಪು ಹೋಗಿ ಎಷ್ಟೋ ಹೊತ್ತಾಗಿತ್ತು.

ರಾಯರ ಮನೆಗೆ ಹೋದೆವು. ಬ್ರಾಹ್ಮಣರ ಊಟ ಆಗಷ್ಟೇ ಮುಗಿದು ಎಲೆ ಎತ್ತುತ್ತಿದ್ದರು. ರಾಯರು ಒದ್ದೆ ಪಂಚೆಯಲ್ಲೇ ಜಗಲಿಗೆ ಬಂದರು. ತಿಥಿಯ ಮನೆಯಲ್ಲಿ ನಿಂತು ಮೀನು ಎನ್ನಲು ನಂಜುಂಡಯ್ಯನವರಿಗೆ ನಾಲಿಗೆ ಏಳದು. "ಆ ಜಲಚರದ ವಿಷಯದಲ್ಲಿ ಒಂದು ಅಚಾತುರ್ಯ ನಡೆದುಹೋಯ್ತು" ಎಂದು ಶುರುಮಾಡಿ ಹೇಗೋ ಮುಗಿಸಿದರು. ಕೇಳಿದ ರಾಯರಿಗೆ ಮೊದಲು ನಗು ಬಂತು. ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಕಂಬಕ್ಕೆ ಒರಗಿ ಕುಳಿತರು. "ಹೋಗಲಿ ನಂಜುಂಡಯ್ಯನೋರೇ, ನಾಳೆ ಹೋಗಿ ಹೇಳೋಣ" ಎಂದರು. ಅವರ ದನಿ ಕೇಳಿಯೇ ನನಗೆ ಆಸೆ ಹೋಯಿತು.

ಹೋದೆವು. ಸಾಹೇಬರು ಕೆಟ್ಟವರಲ್ಲ, ಕೂರಿಸಿ ಟೀ ಕೊಟ್ಟರು. ತಪ್ಪು ನನ್ನ ನಾಲಿಗೆಯದು ಎಂದು ನಂಜುಂಡಯ್ಯನವರು ಕೈಮುಗಿದು ಹೇಳಿಕೊಂಡರು. ಸಾಹೇಬರಿಗೆ ಅದು ಬಹಳ ಹಿಡಿಸಿತು, ಎರಡು ಸಲ ಹೇಳಿಸಿ ನಕ್ಕರು. ಸರಿ, ಹತ್ತು ಅಲ್ಲವೆಂದರೆ ಎಷ್ಟು, ಅಂಕಿ ಕೊಡಿ ಎಂದರು. ರಾಯರ ಹತ್ತಿರ ಮಳೆಯ ಅಂಕಿ ಇತ್ತು, ಕೋಡಿಯ ಮೇಲೆ ಹರಿದ ನೀರಿನ ಅಂಕಿ ಇತ್ತು. ಹತ್ತುವ ಮೀನನ್ನು ಎಣಿಸಿದವರು ಯಾರು? ಎಣಿಸುವಂತಿದ್ದರೆ ತಾನೇ. ಈ ನೀರೆಲ್ಲ ಒಂದೇ ಬೋಗುಣಿಯದು, ಮೇಲೆ ಬಾಗಿಲು ಹಾಕಿದರೆ ಅರ್ಕಾವತಿಯವರೆಗೆ ತಟ್ಟುತ್ತದೆ ಎಂದು ರಾಯರು ನಕ್ಷೆ ಬಿಡಿಸಿ ತೋರಿಸಿದರು. ಸಾಹೇಬರು ನಯವಾಗಿ, ಕಂಟ್ರಾಕ್ಟು ಕೊಟ್ಟಾಗಿದೆ, ಮಳೆಗೆ ಮುಂಚೆ ಗೋಡೆ ಮುಗಿಯಬೇಕು, ಲೆಕ್ಕವಿಲ್ಲದ್ದಕ್ಕೆ ಸಿಮೆಂಟು ಸುರಿಯಲಾರೆ ಎಂದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹೊರಗೆ ಬಂದ ಮೇಲೆ ರಾಯರು ನಕ್ಷೆ ಸುತ್ತುವುದನ್ನೂ ಮರೆತು ಹಾಗೆಯೇ ಹಿಡಿದು ನಿಂತಿದ್ದರು. ನಾನೇ ಸುತ್ತಿಕೊಟ್ಟೆ.

ಬೇಸಿಗೆ ಮುಗಿಯುವುದರೊಳಗೆ ಗೋಡೆ ಎದ್ದಿತು. ನನ್ನ ಎದೆಯೆತ್ತರ, ನೆಟ್ಟಗೆ, ನುಣ್ಣಗೆ. ಕಿತ್ತ ಚಪ್ಪಡಿಗಳನ್ನು ಯಾರೋ ಬಟ್ಟೆ ಒಗೆಯಲು ಒಯ್ದರು. ನಂಜುಂಡಯ್ಯನವರು ಆ ದಿನಗಳಲ್ಲಿ ವಿಚಿತ್ರವಾಗಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ನನ್ನನ್ನು ಕರೆದು, ಯಾವ ಮೀನಿಗೆ ಏನೆನ್ನುತ್ತಾರೆ, ಬಲೆಗಳ ಹೆಸರೇನು, ಕೂಳಿ ಎಂಬ ಬಿದಿರ ಬೋನು ಹೇಗಿರುತ್ತದೆ ಎಂದು ಕೇಳಿ, ಶಾಲೆಯ ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಹತ್ತು ಮೀನಿನ ಕಥೆ ಅಷ್ಟರಲ್ಲಿ ಬೇರೆ ಕಚೇರಿಗಳಿಗೂ ಹಬ್ಬಿ, ಅವರನ್ನು ಕಂಡವರೆಲ್ಲ ಕೈಯೆರಡೂ ಬಿಡಿಸಿ ಬೆರಳು ತೋರಿಸುತ್ತಿದ್ದರು. ಅವರು ತಲೆ ತಗ್ಗಿಸಿ ಹೋಗುತ್ತಿದ್ದರು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎಂದು ಅಮ್ಮ ಗಾದೆ ಹೇಳಿ ನನಗೆ ಇನ್ನೊಂದು ಸೌಟು ಹುಳಿ ಬಡಿಸುತ್ತಿದ್ದಳು. ನನಗೆ ಒಂದೊಂದು ಮಳೆಯೂ ಭಾರವಾಗುತ್ತಿತ್ತು. ಕೆರೆ ಏರುವುದನ್ನು ದಿನಾ ಹೋಗಿ ನೋಡುತ್ತಿದ್ದೆ. ಹುಬ್ಬೆಯಲ್ಲಿ ಒಂದು ಮಧ್ಯಾಹ್ನ ಕೋಡಿ ಬಿತ್ತು.

ನಾನು ಮುಟ್ಟುವುದರೊಳಗೆ ಅಲ್ಲಿ ಜಾತ್ರೆ ಸೇರಿತ್ತು. ಗೋಡೆಯ ಮೇಲಿಂದ ನೀರು ಧೋ ಎಂದು ಬೀಳುತ್ತಿತ್ತು. ಬುಡದಲ್ಲಿ ಮೀನು ಕುದಿಯುತ್ತಿತ್ತು. ನೆಗೆಯುವುದು, ಗೋಡೆಗೆ ಬಡಿದು ಬೀಳುವುದು, ಮತ್ತೆ ನೆಗೆಯುವುದು. ಬುಟ್ಟಿ, ಕೊಡ, ಸೀರೆಯ ಸೆರಗು, ಕೈಗೆ ಸಿಕ್ಕಿದ್ದರಲ್ಲೆಲ್ಲ ಜನ ಬಾಚುತ್ತಿದ್ದರು. ಬಲೆಯ ಅಗತ್ಯವೇ ಇರಲಿಲ್ಲ. ಪೇಟೆಯಿಂದ ಗಾಡಿಗಳೂ ಬಂದಿದ್ದವು. ಮುನಿತಾಯಮ್ಮ, ಅವಳ ಮಗ, ಸೊಸೆ ಕೂಡ ಮೊಣಕಾಲು ನೀರಿನಲ್ಲಿ ನಿಂತು ಬಾಚುತ್ತಿದ್ದರು.

"ಬ್ಯಾಡ ಅಂತ ನಿಂತ್ಕಂಡ್ರೆ ಇನ್ನೊಬ್ರು ಹಿಡೀತಾರೆ," ಎಂದಳು, ನಾನೇನೂ ಕೇಳದೆ ಇದ್ದರೂ. ಒಂದು ಗೆಂಡೆಯನ್ನು ನನ್ನ ಮುಂದೆ ಹಿಡಿದಳು. ಅವಳ ಹಿಡಿತಕ್ಕೆ ಅದರ ಹೊಟ್ಟೆಯಿಂದ ಹಳದಿ ತತ್ತಿ ಸುರಿಯಿತು. "ನೋಡಿ ಸ್ವಾಮಿ. ಎಲ್ಲಾ ಬಸುರಿ. ಒಂದಾದ್ರೂ ಮ್ಯಾಕೆ ಹೋಗ್ನಿಲ್ಲ."

ಹಿಂದೆ ತಿರುಗಿ ನೋಡಿದರೆ ಏರಿಯ ಮೇಲೆ ನಂಜುಂಡಯ್ಯನವರು. ಯಾರು ಹೇಳಿದರೋ, ಕಚೇರಿಯಿಂದ ನಡೆದೇ ಬಂದಿದ್ದರು. ಕೊಡೆ ಬಿಚ್ಚಿರಲಿಲ್ಲ, ವಿಭೂತಿ ಕರಗಿ ಮೂಗಿನ ಮೇಲೆ ಇಳಿದಿತ್ತು. ಗೋಡೆಯ ಬುಡವನ್ನೇ ನೋಡುತ್ತ ಬೆರಳು ಮಡಿಸಿ ಎಣಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ನಾನು ಹತ್ತಿರ ಹೋಗಿ ಕೊಡೆ ಬಿಚ್ಚಿ ಅವರ ಮೇಲೆ ಹಿಡಿದೆ. ನಾವಿಬ್ಬರೂ ಅಳುತ್ತಿದ್ದೆವು, ಮಳೆಯಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಆ ವಾರ ಮಾರ್ಕೆಟ್ಟಿನಲ್ಲಿ ಮೀನೋ ಮೀನು. ಸಾಹೇಬರಿಗೂ ಸುದ್ದಿ ಮುಟ್ಟಿತು. ಗೋಡೆ ಕಟ್ಟಿದ ಮೊದಲ ವರ್ಷವೇ ಹಿಂದೆಂದೂ ಕಾಣದಷ್ಟು ಮೀನು ಸಿಕ್ಕಿದೆ, ಇನ್ನೂ ಕೆಲವು ಕೆರೆಗಳಿಗೆ ಇಂಥದೇ ಗೋಡೆ ಹಾಕಬಹುದು ಎಂದು ಅವರು ರಾಯರಿಗೆ ಹೇಳಿ ಕಳಿಸಿದರು. ನಾನು ಮನೆಗೆ ಬಂದು, ಮೀಯದೆಯೇ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಅಮ್ಮನಿಗೆ ಎಲ್ಲ ಹೇಳಿದೆ. ಮೀನು ಎಂಬ ಮಾತನ್ನು ಆ ಮನೆಯಲ್ಲಿ ಅಷ್ಟು ಸಲ ಆಡಿದ್ದು ಅದೇ ಮೊದಲು. ಅಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ.

"ಬಾಣಂತನಕ್ಕೆ ಬಂದ ಮಗಳಿಗೆ ಬಾಗಿಲು ತೆಗೀದೆ ಹೋದ್ರೆ ಅವಳು ಜಗಲೀಲೇ ನಿಂತಿರ್ತಾಳೆ, ಬೀದಿಗೆಲ್ಲ ಕಾಣ್ತಾಳೆ," ಎಂದಳು. "ಅದನ್ನ ನೋಡಿ, ಓಹೋ ಈ ಮನೇಲಿ ಹೆಣ್ಣುಮಕ್ಕಳು ಜಾಸ್ತಿಯಾದ್ರು ಅಂತಾರೇನೋ ನಿಮ್ಮ ಸಾಹೇಬರು?"

ಮಾರನೆಯ ದಿನ ಈ ಮಾತನ್ನು ರಾಯರಿಗೆ ಹೇಳಿದೆ. ಅವರು ನಗಲಿಲ್ಲ. "ನಿಮ್ಮಮ್ಮನ್ನೇ ಕರ್ಕೊಂಡು ಹೋಗ್ಬೇಕಿತ್ತು ಕಣಯ್ಯಾ" ಎಂದರು. ದಸರಾ ಕಳೆದು ಅವರ ನಿವೃತ್ತಿ ಆಯಿತು. ಹಾರ ಹಾಕಿದೆವು, ಹಣ್ಣು ಕಾಯಿ ಕೊಟ್ಟೆವು. ಭಾಷಣ ಮಾಡಿ ಎಂದರೆ ಕೈ ಆಡಿಸಿದರು. ನನ್ನನ್ನು ಪಕ್ಕಕ್ಕೆ ಕರೆದು, ಮಳೆ ಅಳೆಯುವುದನ್ನು ಮಾತ್ರ ನಿಲ್ಲಿಸಬೇಡ ಎಂದರು. ಯಾಕೆ ಸಾರ್ ಎಂದು ಕೇಳಿದೆ. "ಯಾಕೆ ಅಂತ ನನಗೂ ಈಗ ಗೊತ್ತಾಗ್ತಿಲ್ಲ" ಎಂದರು.

ಚಳಿಗಾಲ ಹೋಗಿ ಬಿಸಿಲೇರಿತು. ಕೆರೆ ಹಿಂಗಿ ನಡುಮಧ್ಯಕ್ಕೆ ಬಂತು. ಬೆಸ್ತರು ಎಂದಿನಂತೆ ಗಂಗಮ್ಮನಿಗೆ ಪೂಜೆ ಮಾಡಿ ಬಲೆ ಇಳಿಸಿದರು. ಏಡಿ, ಬಸವನಹುಳು, ಜೊಂಡಿನ ಬೇರು ಬಂದವು. ಇನ್ನೊಂದು ಕಡೆ ಎಳೆದರು, ಅಲ್ಲೂ ಅದೇ. ಸಾಯಂಕಾಲದವರೆಗೆ ಎಳೆದರು. ಎಲ್ಲರಿಗೂ ಮೊದಲೇ ಗೊತ್ತಿತ್ತು, ಆದರೂ ಎಳೆದರು. ಯುಗಾದಿಯ ಹೊತ್ತಿಗೆ ಏರಿಯ ಮನೆಗಳು ಒಂದೊಂದಾಗಿ ಖಾಲಿಯಾದವು. ಕೆಲವರು ಮಿಲ್ಲಿಗೆ ಹೋದರು, ಕೆಲವರು ಗಾರೆ ಕೆಲಸಕ್ಕೆ. ಮುನಿತಾಯಮ್ಮನ ಮಗನೂ ಸೊಸೆಯೂ ಮಿಲ್ಲಿನ ಹತ್ತಿರ ಒಂದು ಗೂಡು ಹಿಡಿದರು.

ನಾನು ಹೋದ ದಿನ ಮುನಿತಾಯಮ್ಮ ಎತ್ತಿನ ಗಾಡಿಗೆ ಪಾತ್ರೆ ಪಡಗ ಏರಿಸುತ್ತಿದ್ದಳು. ಬಲೆಯನ್ನು ಕೊನೆಗೆ, ಎಲ್ಲದರ ಮೇಲೆ ಹಾಸಿದಳು. ಮಗನ ಜೊತೆಗಲ್ಲವೇ ಎಂದು ಕೇಳಿದೆ.

"ಮಿಲ್ಲಲ್ಲಿ ಈ ಮುದುಕಿ ಏನ್ ಮಾಡ್ಲಿ ಸ್ವಾಮಿ? ನಂಗೆ ಗೊತ್ತಿರೋದು ಇದೊಂದೇ. ತಂಗೀನ ಅರ್ಕಾವತಿ ದಂಡೇಲಿ ಕೊಟ್ಟವ್ರೆ. ಅಲ್ಲಿ ಇನ್ನೂ ಮೀನು ಸಿಕ್ತಾವಂತೆ. ಅಲ್ಲಿಗೆ ಹೊಂಟಿವ್ನಿ."

ರಾಯರ ನಕ್ಷೆ ಕಣ್ಣ ಮುಂದಿತ್ತು. ಇವಳು ಹೊರಟಿದ್ದು ಅದೇ ನೀರಿನ ಕೆಳಗಿನ ತುದಿಗೆ. ಆದರೂ ಹೇಳದೆ ಕಳಿಸಲು ಮನಸ್ಸು ಬರಲಿಲ್ಲ. ಅಲ್ಲಿ ಸಿಗುತ್ತಿರುವುದು ಗೋಡೆಗೆ ಮುಂಚೆ ಇಲ್ಲಿಂದ ಇಳಿದ ಮರಿ, ಈ ಸಲ ಇಲ್ಲಿಂದ ಏನೂ ಇಳಿದಿಲ್ಲ, ಮೇಲಿನ ಬೇರೆ ಕೆರೆಗಳಿಗೂ ಗೋಡೆ ಬರುತ್ತಿದೆ, ಅಲ್ಲೂ ಬರಿದಾಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವಳು ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಸ್ವಾಮಿ. ಇಲ್ಲಿಗಿಂತ ಒಂದೊರ್ಸ ತಡವಾಗಿ ಬರಿದಾಯ್ತದೆ," ಎಂದಳು. "ಆ ಒಂದೊರ್ಸಕ್ಕೇ ಹೋಗ್ತಿರೋದು."

ಗಾಡಿಯವನು ಎತ್ತುಗಳನ್ನು ಎಬ್ಬಿಸಿದ. ಏರಿ ಕಿರಿದಾಗಿತ್ತು. ನಾನು ಸೈಕಲ್ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟೆ.